ಸಾರ್, ನಮ್ಮ ಬೀರು ಬರ್ಕೊಳ್ಳಲ್ವಾ?

ಪ್ರಶ್ನೆ: ನಾವು ಯಲಹಂಕದ ಹತ್ತಿರ ನೆಲಮಹಡಿಯ ಬಾಡಿಗೆ ಮನೆಯಲ್ಲಿದ್ದೇವೆ. 2024ರ ಅಕ್ಟೋಬರ್ ಮಳೆಗೆ ಕೇಂದ್ರೀಯ ವಿಹಾರ ಅಪಾರ್ಟ್‌ಮೆಂಟಿನೊಳಗೆ ದೋಣಿ ಓಡಿದಾಗ ನಮ್ಮ ಬೀದಿಗೂ ನೀರು ಬಂದು ಹೊಸ್ತಿಲವರೆಗೆ ನಿಂತಿತ್ತು. ಅಂದಿನಿಂದ ಮೋಡ ಕಟ್ಟಿದರೆ ನನಗೆ ನಿದ್ದೆ ಬರುವುದಿಲ್ಲ. ಬಾಡಿಗೆಯವರೂ ಮನೆ ಸಾಮಾನಿಗೆ ವಿಮೆ ಮಾಡಿಸಬಹುದು ಎಂದು ಆಫೀಸಿನಲ್ಲಿ ಹೇಳಿದರು. ಓನರನ್ನು ಕೇಳಿದರೆ 'ಹೋಮ್ ಲೋನ್ ತಗೊಂಡಾಗಲೇ ಇನ್ಶೂರೆನ್ಸ್ ಮಾಡ್ಸಿದ್ದೀನಿ, ನೀವ್ಯಾಕೆ ತಲೆ ಕೆಡಿಸ್ಕೋತೀರಿ' ಎಂದರು. ನಮ್ಮ ಯಜಮಾನರು 'ಇರೋದೇ ಒಂದು ಫ್ರಿಜ್ಜು, ಒಂದು ಟಿವಿ. ಗ್ಯಾಸಿಗೆ ಹೇಗೂ ಇನ್ಶೂರೆನ್ಸ್ ಇರುತ್ತೆ' ಅಂತಾರೆ. ಯಾರ ಮಾತು ಕೇಳಲಿ?
– ಓದುಗರು, ಯಲಹಂಕ

ಉತ್ತರ: ನಿದ್ದೆಗೆಟ್ಟವರ ಮಾತು ಕೇಳಿ ತಾಯಿ, ಅಂದರೆ ನಿಮ್ಮದೇ.

ನಾನು 31 ವರ್ಷ ಸರ್ವೇಯರ್ ಆಗಿದ್ದವನು. ಜಮೀನು ಅಳೆಯುವ ಸರ್ವೇಯರ್ ಅಲ್ಲ. ಬೆಂಕಿ ಬಿದ್ದ ಮನೆ, ನೀರು ನುಗ್ಗಿದ ಗೋದಾಮು ನೋಡಿ ವಿಮಾ ಕಂಪನಿಗೆ ನಷ್ಟದ ಲೆಕ್ಕ ಬರೆದುಕೊಡುವವನು. ಒಂದು ದೀಪಾವಳಿಯ ಮಾರನೇ ದಿನ ರಾಜಾಜಿನಗರದ ಎರಡಂತಸ್ತಿನ ಮನೆಗೆ ಹೋಗಿದ್ದೆ. ಕೆಳಗೆ ಓನರ್, ಮೇಲೆ ಬಾಡಿಗೆಯವರು. ಎಲ್ಲಿಂದಲೋ ಬಂದ ರಾಕೆಟ್ಟು ಮೇಲಿನ ಮನೆಯ ಕಿಟಕಿಯಿಂದ ಒಳಗೆ ಬಿದ್ದು ಇಡೀ ರೂಮು ಸುಟ್ಟಿತ್ತು. ನಾನು ಟೇಪು ಹಿಡಿದು ಬರೆಯುತ್ತಾ ಹೋದೆ: ಕಿಟಕಿ ಎರಡು, ಬಾಗಿಲು ಒಂದು, ವೈರಿಂಗ್ ಇಷ್ಟು, ಗಾರೆ ಉದುರಿದ ಗೋಡೆ ಇಷ್ಟು ಚದರಡಿ. ಬಾಡಿಗೆಯಾಕೆ ನನ್ನ ಹಿಂದೆಯೇ ಬರುತ್ತಿದ್ದರು. ಕೊನೆಗೆ ತಡೆಯಲಾರದೆ, 'ಸಾರ್, ನಮ್ಮ ಬೀರು ಬರ್ಕೊಳ್ಳಲ್ವಾ?' ಎಂದು ಕೇಳಿದರು. ಬಾಗಿಲು ಸೊಟ್ಟಗಾದ ಬೀರುವಿನೊಳಗೆ ಅವರ ಮದುವೆಯ ಸೀರೆಗಳು ಕಪ್ಪಗೆ ಅಂಟಿಕೊಂಡಿದ್ದವು. ನಾನು ಏನು ಬರೆಯಲಿ? ಪಾಲಿಸಿ ಓನರದು, ಅದರಲ್ಲಿದ್ದದ್ದು ಕಟ್ಟಡ ಮಾತ್ರ. ಮೂರು ತಿಂಗಳಿಗೆ ಓನರ ಗೋಡೆಗೆ ಹೊಸ ಬಣ್ಣ ಬಂತು. ಬೀರುವನ್ನು ಬಾಡಿಗೆಯಾಕೆ ಗುಜರಿಗೆ ತೂಕಕ್ಕೆ ಹಾಕಿದರಂತೆ.

ನಿಮ್ಮ ಓನರ್ ಸುಳ್ಳು ಹೇಳುತ್ತಿಲ್ಲ. ಸಾಲ ಕೊಡುವಾಗ ಬ್ಯಾಂಕು ಮಾಡಿಸುವ ವಿಮೆ ಸಾಮಾನ್ಯವಾಗಿ ಕಟ್ಟಡಕ್ಕೆ, ಅದೂ ಬ್ಯಾಂಕಿನ ಸಾಲ ಮುಳುಗದಿರಲಿ ಎಂದು. ಅದರಲ್ಲಿ ನಿಮ್ಮ ಚಾಪೆಯೂ ಇಲ್ಲ. ಇನ್ನೊಂದು ಮಾತಿದೆ, ಓನರ್‌ಗಳು ಇದನ್ನು ಹೇಳುವುದಿಲ್ಲ, ಪಾಪ ಅವರಿಗೂ ಗೊತ್ತಿರುವುದಿಲ್ಲ. ನಿಮ್ಮ ಅಜಾಗರೂಕತೆಯಿಂದ, ಉದಾಹರಣೆಗೆ ಒಲೆಯ ಮೇಲೆ ಎಣ್ಣೆ ಇಟ್ಟು ಮರೆತು, ಮನೆಗೆ ಬೆಂಕಿ ಬಿತ್ತೆನ್ನಿ. ಕಂಪನಿ ಓನರಿಗೆ ಹಣ ಕೊಟ್ಟು, ಆಮೇಲೆ ಅವರ ಜಾಗದಲ್ಲಿ ನಿಂತು ಅದನ್ನು ನಿಮ್ಮಿಂದ ವಸೂಲಿ ಮಾಡಲು ಬರಬಹುದು. ಮನೆಯನ್ನು ಇದ್ದ ಸ್ಥಿತಿಯಲ್ಲೇ ಕಾಪಾಡುವ ಹೊಣೆ ಬಾಡಿಗೆದಾರರದ್ದು ಎಂದು 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಸೆಕ್ಷನ್ನೇ ಹೇಳುತ್ತದೆ. ಸಹಜ ಸವೆತ, ಯಾರೂ ತಡೆಯಲಾಗದ ಅವಘಡ ಇವಕ್ಕಷ್ಟೇ ವಿನಾಯಿತಿ. ಹಾಗಾಗಿ ಪಾಲಿಸಿ ಕೊಳ್ಳುವಾಗ ಬಾಡಿಗೆದಾರರ ಹೊಣೆಗಾರಿಕೆಯ ಕವರ್ ಸೇರಿಸಿಕೊಡುತ್ತೀರಾ ಎಂದು ಕೇಳಿ.

ಈಗ ಯಜಮಾನರ ಲೆಕ್ಕ. ಭಾನುವಾರ ಕಾಫಿ ಕೊಟ್ಟು, ಕೈಗೆ ಪೆನ್ನೂ ಕೊಟ್ಟು ಕೂರಿಸಿ. ಫ್ರಿಜ್ 30,000, ಟಿವಿ 35,000. ಇಲ್ಲಿಗೆ ಅವರ ಪಟ್ಟಿ ಮುಗಿಯಿತು. ಮುಂದಿನದು ನೀವು ಹೇಳಿ: ಮಂಚ, ಹಾಸಿಗೆ 45,000. ಬೀರು 18,000. ವಾಷಿಂಗ್ ಮಷೀನ್ 25,000. ಯುಪಿಎಸ್, ಬ್ಯಾಟರಿ 22,000. ಸೋಫಾ, ಊಟದ ಮೇಜು 50,000. ನಿಮ್ಮ ಸ್ವಂತ ಲ್ಯಾಪ್‌ಟಾಪ್ 50,000. ಮಿಕ್ಸಿ, ಗ್ರೈಂಡರ್, ಒಲೆ, ಕುಕ್ಕರು, ಪಾತ್ರೆ 40,000. ಪರದೆ, ಪುಸ್ತಕ, ಮಗುವಿನ ಸೈಕಲ್ಲು 20,000. ಮನೆಮಂದಿಯ ಬಟ್ಟೆ ಒಂದು ಲಕ್ಷ. ಸೀರೆಗಳ ನಿಜವಾದ ಬೆಲೆ ಯಜಮಾನರಿಗೆ ಗೊತ್ತಾಗುವ ಅಪಾಯ ಇಲ್ಲಿದೆ, ನೋಡಿಕೊಳ್ಳಿ. ಒಟ್ಟು 4,35,000. ಇವು ನನ್ನ ಅಂದಾಜು, ನಿಮ್ಮ ಬೆಲೆ ನೀವು ಹಾಕಿ. ಕೊಂಡಾಗಿನ ಬೆಲೆ ಬೇಡ, ಇವತ್ತು ಅಂಗಡಿಯಲ್ಲಿ ಹೊಸದಕ್ಕೆ ಎಷ್ಟೋ ಅದು. ಆಫೀಸಿನ ಲ್ಯಾಪ್‌ಟಾಪು, ತಿಂಗಳ ಬಾಡಿಗೆಗೆ ತಂದ ಫರ್ನಿಚರು ನಿಮ್ಮ ಸ್ವತ್ತಲ್ಲ, ಪಟ್ಟಿಯಿಂದ ಬಿಡಿ.

ಕೇಳಬೇಕಾದ ಪಾಲಿಸಿಯ ಹೆಸರು 'ಭಾರತ್ ಗೃಹ ರಕ್ಷಾ'. ವಿಮಾ ಕಂಪನಿಗಳನ್ನು ನಿಯಂತ್ರಿಸುವ ಸರ್ಕಾರಿ ಪ್ರಾಧಿಕಾರ ಐಆರ್‌ಡಿಎಐ 2021ರ ಏಪ್ರಿಲ್ 1ರಿಂದ ತಂದ ಪಾಲಿಸಿ ಇದು. ಯಾವ ಕಂಪನಿಯಲ್ಲಿ ಕೊಂಡರೂ ಮೂಲ ಷರತ್ತುಗಳು ಒಂದೇ. 'ನಾನು ಬಾಡಿಗೆದಾರಳು, ಮನೆಯೊಳಗಿನ ಸಾಮಾನಿಗೆ ಮಾತ್ರ ಬೇಕು' ಎಂದು ಬಾಯಿಬಿಟ್ಟು ಹೇಳಿ, ಇಲ್ಲದಿದ್ದರೆ ಏಜೆಂಟ್ ಕಟ್ಟಡವನ್ನೂ ಸೇರಿಸಿಯಾನು. ಬೆಂಕಿ, ಸಿಡಿಲು, ಬಿರುಗಾಳಿ, ಭೂಕಂಪ, ನಿಮ್ಮ ನಿದ್ದೆ ಕೆಡಿಸಿದ ಪ್ರವಾಹ, ಎಲ್ಲವೂ ಇದರಲ್ಲಿವೆ. ಮೇಲಿನ ಮನೆಯ ಪೈಪು ಒಡೆದು ನಿಮ್ಮ ಹಾಸಿಗೆ ನೆನೆದರೂ ಇದೆ. ಗೋಡೆ ನಿಧಾನವಾಗಿ ಜಿನುಗಿ ಬೂಷ್ಟು ಹಿಡಿದರೆ ಇಲ್ಲ. ನಮ್ಮ ಕಾಲದಲ್ಲಿ ಐದು ಲಕ್ಷದ ಸಾಮಾನಿಗೆ ಎರಡೂವರೆ ಲಕ್ಷ ಬರೆಸಿದ್ದರೆ ನಷ್ಟದಲ್ಲೂ ಅರ್ಧ ಕತ್ತರಿಸುತ್ತಿದ್ದೆವು. ಎಷ್ಟು ಜನರ ಶಾಪ ನನಗೆ ತಗುಲಿದೆಯೋ! ಈ ಪಾಲಿಸಿಯಲ್ಲಿ ಆ ಕತ್ತರಿ ಇಲ್ಲ. ಬರೆಸಿದ ಮೊತ್ತಕ್ಕಿಂತ ಹೆಚ್ಚು ಮಾತ್ರ ಕೊಡುವುದಿಲ್ಲ.

ಕಳ್ಳತನದಲ್ಲಿ ಜನ ಮೋಸಹೋಗುತ್ತಾರೆ. ಬೆಂಕಿಯೋ ಪ್ರವಾಹವೋ ಆದ ಗಲಿಬಿಲಿಯಲ್ಲಿ, ಅದೇ ಕಾರಣಕ್ಕೆ, ಏಳು ದಿನದೊಳಗೆ ಕದ್ದರೆ ಮಾತ್ರ ಮೂಲ ಪಾಲಿಸಿಯಲ್ಲಿ ಹಣ. ಯುಗಾದಿಗೆ ಊರಿಗೆ ಹೋದಾಗ ಬೀಗ ಒಡೆದರೆ ಅದಕ್ಕೆ ಕಳವಿನ ಕವರ್ ಬೇರೆಯೇ ಬೇಕು. ಚಿನ್ನಕ್ಕೂ, ವರಮಹಾಲಕ್ಷ್ಮಿಯ ಬೆಳ್ಳಿ ಮುಖವಾಡಕ್ಕೂ ಬೇರೆ ಕವರ್. ಫ್ರಿಜ್ಜಿನೊಳಗೇ ಶಾರ್ಟ್ ಆಗಿ ಸುಟ್ಟರೆ ಆ ಫ್ರಿಜ್ಜಿಗೆ ಹಣವಿಲ್ಲ. ಅದರಿಂದ ಹಬ್ಬಿದ ಬೆಂಕಿಗೆ ಅಡುಗೆಮನೆ ಸುಟ್ಟರೆ ಉಳಿದದ್ದಕ್ಕೆಲ್ಲ ಇದೆ. ವಿಚಿತ್ರ ಅನ್ನಿಸಿದರೂ ಷರತ್ತು ಇರುವುದೇ ಹಾಗೆ.

ಪ್ರೀಮಿಯಂ ಕಂಪನಿಯಿಂದ ಕಂಪನಿಗೆ ಬೇರೆ. ಆದರೆ ಬೆಂಕಿ, ಪ್ರವಾಹಕ್ಕಷ್ಟೇ ಆದರೆ ಇಷ್ಟು ಸಾಮಾನಿಗೆ ವರ್ಷಕ್ಕೆ ಕೆಲವು ನೂರು ರೂಪಾಯಿಯ ಮಾತು, ನಿಮ್ಮ ಒಂದು ತಿಂಗಳ ಹಾಲಿನ ಲೆಕ್ಕಕ್ಕೂ ಬರುವುದಿಲ್ಲ. ಕಳವು ಸೇರಿಸಿದರೆ ಏರುತ್ತದೆ. ಅರ್ಜಿಯಲ್ಲಿ ಹಿಂದೆ ನೀರು ಬಂದಿತ್ತೇ ಎಂದು ಕೇಳಿದ್ದರೆ ಬಂದಿತ್ತು ಎಂದೇ ಬರೆಯಿರಿ.

ಗ್ಯಾಸಿನ ವಿಷಯದಲ್ಲಿ ಯಜಮಾನರು ಅರ್ಧ ಸರಿ. ತೈಲ ಕಂಪನಿಗಳ ವಿಮೆ ಇದೆ: ಸಿಲಿಂಡರ್ ಅಪಘಾತದಲ್ಲಿ ಸತ್ತರೆ ಒಬ್ಬರಿಗೆ 6 ಲಕ್ಷ, ಆಸ್ತಿ ನಷ್ಟಕ್ಕೆ ಗರಿಷ್ಠ 2 ಲಕ್ಷ. ಆಸ್ತಿ ನಷ್ಟದ ಹಣ ಗ್ರಾಹಕರ ನೋಂದಾಯಿತ ವಿಳಾಸದಲ್ಲಾದ ನಷ್ಟಕ್ಕೆ ಮಾತ್ರ. ನಿಮ್ಮ ಗ್ಯಾಸ್ ಪುಸ್ತಕದಲ್ಲಿ ಯಾವ ವಿಳಾಸವಿದೆ? ಬಾಡಿಗೆ ಮನೆಗಳಲ್ಲಿ ನಾನು ಕಂಡದ್ದು ಮಾವನವರ ಊರಿನ ವಿಳಾಸ, ಇಲ್ಲವೇ ಓನರ ಎರಡನೇ ಸಿಲಿಂಡರು. ಮೊದಲು ಅದನ್ನು ಸರಿಮಾಡಿಸಿ. ಮನೆ ಬದಲಾಯಿಸಿದಾಗ ವಿಮಾ ಪಾಲಿಸಿಯಲ್ಲೂ ವಿಳಾಸ ತಿದ್ದಿಸಬೇಕು. ಹನ್ನೊಂದು ತಿಂಗಳ ಕರಾರಿನವರು ಮರೆಯುವುದು ಇದನ್ನೇ.

ಇವತ್ತು ಸಂಜೆಯೇ ಬೀರು ತೆರೆದು, ಕಪಾಟು ತೆರೆದು, ಮನೆಯನ್ನೆಲ್ಲ ಮೊಬೈಲಿನಲ್ಲಿ ವಿಡಿಯೋ ಮಾಡಿ ಊರಿನಲ್ಲಿರುವ ಅಕ್ಕನಿಗೋ ತಂಗಿಗೋ ಕಳಿಸಿಡಿ. ಮೊಬೈಲೇ ನೀರಿಗೆ ಬಿದ್ದರೂ ಅದು ಉಳಿಯುತ್ತದೆ. ನೀರು ನುಗ್ಗಿದರೆ ತಕ್ಷಣ ಕಂಪನಿಗೆ ಫೋನ್ ಮಾಡಿ. ಸರ್ವೇಯರ್ ನೋಡುವ ಮೊದಲು ನೆನೆದ ಹಾಸಿಗೆಯನ್ನು ಕಸದ ಗಾಡಿಗೆ ಹಾಕಬೇಡಿ. ವಾಸನೆ ಬರುತ್ತದೆ, ಅಕ್ಕಪಕ್ಕದವರು ಬೈಯುತ್ತಾರೆ, ಆದರೂ ಹಾಕಬೇಡಿ. ಕ್ಲೇಮ್ ತಿರಸ್ಕರಿಸಿದರೆ ಕಂಪನಿಗೆ ಬರವಣಿಗೆಯಲ್ಲಿ ದೂರು ಕೊಡಿ. ಒಂದು ತಿಂಗಳಾದರೂ ಉತ್ತರ ಬಾರದಿದ್ದರೆ, ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ಜೆ.ಪಿ. ನಗರ ಒಂದನೇ ಹಂತದ ಜೀವನ ಸೌಧದಲ್ಲಿ ವಿಮಾ ಓಂಬುಡ್ಸ್‌ಮನ್, ಅಂದರೆ ವಿಮೆಯ ದೂರು ವಿಚಾರಿಸುವ ಅಧಿಕಾರಿಯ, ಕಚೇರಿ ಇದೆ. ಫೀಸಿಲ್ಲ, ವಕೀಲರೂ ಬೇಡ.

ಪ್ರಶ್ನೆ: ನಾವು 12 ಲಕ್ಷ ಕೊಟ್ಟು ಮೂರು ವರ್ಷಕ್ಕೆ ಮನೆ ಲೀಸ್‌ಗೆ ಹಾಕಿಕೊಂಡಿದ್ದೇವೆ. ಕರಾರನ್ನು ಛಾಪಾ ಕಾಗದದಲ್ಲಿ ಬರೆಸಿ ನೋಟರಿ ಮಾಡಿಸಿದ್ದೇವೆ. ಆ ಹಣಕ್ಕೂ ನೀವು ಹೇಳುವ ವಿಮೆ ಸಿಗುತ್ತದೆಯೇ?
– ಓದುಗರು, ಹೆಗ್ಗನಹಳ್ಳಿ

ಉತ್ತರ: ಇಲ್ಲ. ಮನೆ ಸಾಮಾನಿನ ವಿಮೆಗೂ ಓನರ ಕೈಗೆ ಕೊಟ್ಟ ದುಡ್ಡಿಗೂ ಸಂಬಂಧವಿಲ್ಲ. ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಯ ಲೀಸ್ ಕರಾರನ್ನು ಉಪನೋಂದಣಾಧಿಕಾರಿಯ ಕಚೇರಿಯಲ್ಲೇ ನೋಂದಾಯಿಸಬೇಕು, ನೋಟರಿ ಸಹಿ ಅದರ ಬದಲಿಗೆ ಆಗುವುದಿಲ್ಲ. ಆ ಮನೆಯ ಮೇಲೆ ಬ್ಯಾಂಕ್ ಸಾಲ ಇದೆಯೇ ಎಂದು ನೋಡಲು ಇ.ಸಿ. (ಋಣಭಾರ ಪ್ರಮಾಣಪತ್ರ) ತೆಗೆಸಿದ್ದಿರಾ? ನೀವು ನಮಗೆ ಬರೆದ ಪತ್ರದಲ್ಲಿ ಅದರ ಮಾತೇ ಇಲ್ಲ.