ಮುರಿದ ಮೂರ್ತಿಗೆ ಅಡ್ಡಿಯಿಲ್ಲ, ಮುಡಿಗೆ ಯಾಕೆ ಅಡ್ಡಿ?

ಪ್ರಶ್ನೆ: ನಾನು ಮಂಗಳೂರಿನ ಕಡೆಯವಳು. ಇಸ್ರೇಲ್‌ನಲ್ಲಿ ಒಬ್ಬ ಯಹೂದಿ ಅಜ್ಜಿಯನ್ನು ನೋಡಿಕೊಳ್ಳುವ ಕೆಲಸ ಮಾಡುತ್ತೇನೆ. ಸೀಸರಿಯಾದಲ್ಲಿ ಕಂಡ ತಲೆಯಿಲ್ಲದ ರೋಮನ್ ಮೂರ್ತಿಗಳ ಬಗ್ಗೆ ಹೇಳಿದಾಗ ಅವರು, ಮುರಿದದ್ದಾದರೆ ಅಡ್ಡಿಯಿಲ್ಲ ಅಂದರು. ಆದರೆ ಮದುವೆಯಾದ ಸಂಪ್ರದಾಯಸ್ಥ ಯಹೂದಿ ಹೆಂಗಸರು ತಲೆ ಮುಚ್ಚಲು ಹಾಕುವ ವಿಗ್‌ಗಳಲ್ಲಿ ತಿರುಪತಿ ಕೂದಲಿನವನ್ನು 2004ರಲ್ಲಿ ಸುಟ್ಟರಂತೆ. ಕೂದಲು ವಿಗ್ರಹ ಅಲ್ಲ, ಅಲ್ವಾ? ಅದಕ್ಕೆ ಯಾಕೆ ಜಾಸ್ತಿ ಕಟ್ಟುನಿಟ್ಟು?

ಉತ್ತರ: ಒಳ್ಳೆಯ ಪ್ರಶ್ನೆ. ಅಜ್ಜಿ ಹೇಳಿದ್ದು ಅರ್ಧ ಸರಿ. ಅಲ್ಲಿಂದಲೇ ಶುರು ಮಾಡುತ್ತೇನೆ.

ಯಹೂದಿ ಧರ್ಮದಲ್ಲಿ ವಿಗ್ರಹವನ್ನು ಪೂಜಿಸಬಾರದು ಅನ್ನುವುದು ಎಲ್ಲರಿಗೂ ಗೊತ್ತು. ಅದರಿಂದ ಲಾಭವನ್ನೂ ಪಡೆಯಬಾರದು. ಅದರ ಮೇಲಿನ ಬೆಳ್ಳಿ, ಬಂಗಾರಕ್ಕೆ ಆಸೆಪಡಬೇಡ, ಅದನ್ನು ಮನೆಗೆ ತರಬೇಡ ಎಂದು ಬೈಬಲಿನ ಧರ್ಮೋಪದೇಶಕಾಂಡದ 7ನೇ ಅಧ್ಯಾಯ ಹೇಳುತ್ತದೆ. ಸುಮಾರು ಕ್ರಿ.ಶ. 200ರಲ್ಲಿ ಒಟ್ಟುಗೂಡಿದ ಯಹೂದಿ ನಿಯಮಗಳ ಸಂಗ್ರಹ ಮಿಶ್ನಾ ಇದನ್ನು ಅಡುಗೆಮನೆಯವರೆಗೂ ತರುತ್ತದೆ. ಪೂಜೆಗೊಂಡ ಮರದ ಸೌದೆ ಉರಿಸಿ ರೊಟ್ಟಿ ಸುಟ್ಟರೆ ಆ ರೊಟ್ಟಿಯೂ ನಿಷಿದ್ಧ.

ಇನ್ನು ಮುರಿದ ಮೂರ್ತಿ. ದಾರಿಯಲ್ಲಿ ಮೂರ್ತಿಯ ಚೂರು ಸಿಕ್ಕಿದರೆ ಬಳಸಬಹುದು ಎನ್ನುತ್ತದೆ ಮಿಶ್ನಾ. ಆದರೆ ಕೈ ಅಥವಾ ಕಾಲಿನ ಆಕಾರ ಸಿಕ್ಕಿದರೆ ಬಳಸುವಂತಿಲ್ಲ. ಅಂಥವನ್ನೇ ಪೂಜಿಸುವವರೂ ಇದ್ದರು.

ಪೂಜೆಗೊಂಡಿದ್ದೇ ಖಚಿತವಾದ ಮೂರ್ತಿ ತಾನಾಗಿ ಒಡೆದರೆ? ಇಲ್ಲಿ ಇಬ್ಬರು ದೊಡ್ಡ ವಿದ್ವಾಂಸರು ಎದುರುಬದುರಾಗುತ್ತಾರೆ. ತನ್ನನ್ನೇ ಕಾಪಾಡಿಕೊಳ್ಳದ್ದು ನನ್ನನ್ನು ಕಾಪಾಡೀತೇ ಎಂದು ಭಕ್ತ ಕೈಬಿಟ್ಟಿರುತ್ತಾನೆ, ಹಾಗಾಗಿ ಅಡ್ಡಿಯಿಲ್ಲ ಎನ್ನುತ್ತಾನೆ ರೇಶ್ ಲಾಕಿಶ್. ರಬ್ಬಿ (ಯಹೂದಿ ಧರ್ಮಗುರು) ಯೋಹಾನಾನ್ ಒಪ್ಪುವುದಿಲ್ಲ. ಅವನು ಬೈಬಲಿನ ಒಂದು ಕಥೆಯನ್ನು ಮುಂದಿಡುತ್ತಾನೆ. ಫಿಲಿಷ್ಟಿಯರ ದಾಗೋನ್ ದೇವರ ಮೂರ್ತಿ ಬಿದ್ದು, ತಲೆ ಮತ್ತು ಕೈಗಳು ಹೊಸ್ತಿಲ ಮೇಲೆ ತುಂಡಾದವು. ಭಕ್ತಿ ಮುಗಿಯಲಿಲ್ಲ, ಪೂಜಾರಿಗಳು ಆ ಹೊಸ್ತಿಲನ್ನೂ ತುಳಿಯದಾದರು. 12ನೇ ಶತಮಾನದ ಯಹೂದಿ ಧರ್ಮಶಾಸ್ತ್ರಜ್ಞ ಮೈಮೊನಿಡೀಸ್ ಯೋಹಾನಾನ್ ಕಡೆಗೇ ನಿಂತ. ನನಗೂ ಈ ವಾದವೇ ಗಟ್ಟಿ ಅನಿಸುತ್ತದೆ. ಕಲ್ಲು ಒಡೆದ ಮಾತ್ರಕ್ಕೆ ನಂಬಿಕೆ ಒಡೆಯುವುದಿಲ್ಲ. ನಮ್ಮಲ್ಲೂ ಭಿನ್ನವಾದ ವಿಗ್ರಹವನ್ನು ಸುಮ್ನೆ ಎಸೆಯುವುದಿಲ್ಲ, ಕೈಮುಗಿದು ನೀರಿಗೆ ಬಿಡುತ್ತೇವೆ.

ಹಾಗಾದರೆ ನಿಷೇಧ ಬಿಡುವುದು ಹೇಗೆ? ಯಹೂದಿ ಅಲ್ಲದವನು ತಾನೇ ಆ ಮೂರ್ತಿಯನ್ನು ರದ್ದು ಮಾಡಬೇಕು, ಅಂದರೆ ಅದು ಇನ್ನು ದೇವರಲ್ಲ ಎಂದು ತೋರಿಸಬೇಕು. ಯಹೂದಿ ಮಾಡಿದರೆ ನಡೆಯದು. ಕಿವಿ, ಮೂಗು ಅಥವಾ ಬೆರಳಿನ ತುದಿ ಮುರಿದರೂ ಸಾಕು. ಉಗುಳಿದರೆ ಸಾಲದು, ಅದು ಗಳಿಗೆಯ ಸಿಟ್ಟಿರಬಹುದು.

ಈಗ ಮುಡಿಗೆ ಬರೋಣ. ವಿಗ್ರಹವನ್ನು ಹೀಗೆ ರದ್ದು ಮಾಡಬಹುದು. ಆದರೆ ಅದಕ್ಕೆ ಒಮ್ಮೆ ಅರ್ಪಿಸಿದ ವಸ್ತುವಿನ ನಿಷೇಧ ಎಂದಿಗೂ ಹೋಗುವುದಿಲ್ಲ ಎನ್ನುತ್ತದೆ ಮಿಶ್ನಾದ ಮೇಲಿನ ಚರ್ಚೆಗಳ ಗ್ರಂಥವಾದ ತಾಲ್ಮುದ್. ಕೂದಲು ಹರಾಜಾದರೂ, ವಿಗ್ ಆದರೂ ಅಷ್ಟೇ. 2004ರಲ್ಲಿ ಲಂಡನ್‌ನ ಒಬ್ಬ ರಬ್ಬಿ ತಿರುಮಲಕ್ಕೆ ಹೋಗಿ ನೋಡಿ ಬಂದರು. ಆಮೇಲೆ ಜೆರುಸಲೇಮಿನ ರಬ್ಬಿ ಎಲ್ಯಾಶಿವ್ ಆ ಕೂದಲನ್ನು ನಿಷೇಧಿಸಿದರು. ನ್ಯೂಯಾರ್ಕ್‌ನ ಬ್ರೂಕ್ಲಿನ್‌ ಬೀದಿಯಲ್ಲೂ ವಿಗ್‌ಗಳು ಉರಿದವು.

ಎಲ್ಲ ರಬ್ಬಿಗಳೂ ಒಪ್ಪಲಿಲ್ಲ. ಮುಡಿ ತೆಗೆಯುವುದು ಕಲ್ಯಾಣಕಟ್ಟೆಯಲ್ಲಿ, ಗರ್ಭಗುಡಿಯ ಮುಂದಲ್ಲ. ಹಾಗಿದ್ದಮೇಲೆ ಕತ್ತರಿಸುವುದೇ ಪೂಜೆಯೋ, ಅಥವಾ ಅದು ದರ್ಶನಕ್ಕೆ ಮುಂಚಿನ ಸಿದ್ಧತೆಯೋ? ಅವರ ಜಗಳವೆಲ್ಲ ಇದರ ಮೇಲೆ. ಹರಕೆ ಹೊತ್ತು ಮುಡಿ ಕೊಟ್ಟವರನ್ನು ಕೇಳಿದರೆ ಬಹಳ ಜನ ದೇವರಿಗೆ ಕೊಟ್ಟೆ ಎಂದೇ ಹೇಳುತ್ತಾರೆ. ಆ ಮಾತನ್ನು ನಿಷೇಧಿಸಿದವರು ಪೂರ್ತಿ ನಂಬಿದರು.