ಅಭಿಪ್ರಾಯಕ್ಕೂ ಆಧಾರ ಬೇಕಾ?

"ಇದು ನನ್ನ ಸ್ವಂತ ಅಭಿಪ್ರಾಯದ ಲೇಖನ, ಇದಕ್ಕೂ ಆಧಾರ ಕೊಡಬೇಕಾ?" ಅಂತ ಕೇಳಿದ್ದೀರಿ. ಅಭಿಪ್ರಾಯಕ್ಕೆ ಬೇಡ. ಅದಕ್ಕೆ ಆಸರೆಯಾಗಿರುವ ಸಂಗತಿಗಳಿಗೆ ಬೇಕೇ ಬೇಕು.

ಈ ವಾಕ್ಯ ನೋಡಿ: "ಮಕ್ಕಳು ಪುಸ್ತಕ ಓದುವುದು ಕಡಿಮೆಯಾಗಿದೆ, ಇದು ಬೇಸರದ ವಿಷಯ." ಬೇಸರ ನಿಮ್ಮದು, ಅದಕ್ಕೆ ಯಾರೂ ಪುರಾವೆ ಕೇಳುವುದಿಲ್ಲ. ಆದರೆ "ಕಡಿಮೆಯಾಗಿದೆ" ಅನ್ನುವುದು ಎಣಿಸಿ ನೋಡಬೇಕಾದ ಮಾತು ಅಲ್ವಾ? ಯಾರು ಎಣಿಸಿದರು, ಯಾವ ವರ್ಷ, ಯಾವ ವಯಸ್ಸಿನ ಮಕ್ಕಳು? ಅಷ್ಟು ಹೇಳಿದರೆ ಸಾಕು. ಸುಮ್ನೆ "ಅಧ್ಯಯನಗಳ ಪ್ರಕಾರ" ಅಂತ ಬರೆದರೆ ಅದು ಆಧಾರ ಆಗುವುದಿಲ್ಲ. ನಾವು ಮೆದುಳಿನ ಶೇ. 10ರಷ್ಟನ್ನು ಮಾತ್ರ ಬಳಸುತ್ತೇವೆ ಅನ್ನುವ ಸುಳ್ಳು ಇಷ್ಟು ಕಾಲ ಬದುಕಿರುವುದೇ ಹೀಗೆ, ಒಬ್ಬರನ್ನು ನೋಡಿ ಇನ್ನೊಬ್ಬರು ಬರೆದು.

ಅಭಿಪ್ರಾಯ ಮುಕ್ತ, ಆದರೆ ಸಂಗತಿಗಳು ಪವಿತ್ರ ಅಂತ ಮ್ಯಾಂಚೆಸ್ಟರ್ ಗಾರ್ಡಿಯನ್ ಸಂಪಾದಕ ಸಿ. ಪಿ. ಸ್ಕಾಟ್ 1921ರಲ್ಲೇ ಬರೆದಿದ್ದರು. ನನಗೆ ಇದು ಇವತ್ತಿಗೂ ಸರಿ ಅನಿಸುತ್ತದೆ.

ಎಲ್ಲರಿಗೂ ಗೊತ್ತಿರುವುದಕ್ಕೆಲ್ಲ ಆಧಾರ ತುರುಕಬೇಡಿ, ಓದುವವರಿಗೆ ಸುಸ್ತಾಗುತ್ತದೆ. ನೀವೇ ಕಂಡದ್ದಾದರೆ "ನಾನು ಕಂಡಂತೆ" ಅಂತ ಬರೆಯಿರಿ. ಹುಡುಕುವಾಗ ನಿಮ್ಮ ವಾದಕ್ಕೆ ವಿರುದ್ಧವಾದ ಅಂಕಿಅಂಶ ಸಿಕ್ಕರೆ ದಯವಿಟ್ಟು ಮುಚ್ಚಿಡಬೇಡಿ. ಅದನ್ನೂ ಲೇಖನದಲ್ಲೇ ಹಾಕಿ, ಆದರೂ ನಿಮ್ಮ ನಿಲುವು ಯಾಕೆ ಬದಲಾಗಲಿಲ್ಲ ಅಂತ ಹೇಳಿ.