ಮೂರ್ನಾಡಿನ ತಂಗಿಗೆ: ಅಪ್ಪನಿಗೆ ನಿನ್ನ ಮಾರ್ಕ್ಸ್ ಯಾಕೆ ಹೇಳಲಿಲ್ಲ?

ತಂಗೀ,

ನೀನು ಬರೆದದ್ದು ಓದಿದೆ. ಮೊದಲ ಸೆಮಿಸ್ಟರ್ ಮುಗಿದು ರಿಸಲ್ಟ್ ಬಂದಿದೆ. ಮೂರ್ನಾಡಿನಿಂದ ಅಪ್ಪ ನಿದ್ದೆಗೆಟ್ಟು ಅಮೆರಿಕದ ನಿನ್ನ ಯೂನಿವರ್ಸಿಟಿಗೆ ಫೋನ್ ಮಾಡಿ ಮಾರ್ಕ್ಸ್ ಕೇಳಿದರು. "ವಿದ್ಯಾರ್ಥಿಯ ಒಪ್ಪಿಗೆ ಇಲ್ಲದೆ ಹೇಳುವ ಹಾಗಿಲ್ಲ" ಎಂದು ಅಲ್ಲಿಯವರು ಫೋನ್ ಇಟ್ಟುಬಿಟ್ಟರು. ತೋಟದ ಮೇಲೆ ಸಾಲ ಎತ್ತಿ ಫೀಸು ಕಟ್ಟಿದವರಿಗೆ ಅದು ಅವಮಾನವಾಗಿ ಕಂಡಿದೆ. ಈಗ ಒಪ್ಪಿಗೆ ಫಾರಂಗೆ ಸಹಿ ಹಾಕು, ಇಲ್ಲವಾದರೆ ಯೂನಿವರ್ಸಿಟಿ ಪೋರ್ಟಲಿನ ಪಾಸ್‌ವರ್ಡ್ ಕೊಡು ಅನ್ನುತ್ತಿದ್ದಾರೆ. ಇದು ಯಾವ ಕಾನೂನು, ಸಹಿ ಹಾಕಬೇಕಾ, ಆ ದೇಶದಲ್ಲಿ ಮನೆಯವರನ್ನು ಹೀಗೇ ದೂರ ಇಡುತ್ತಾರಾ ಅಂತ ಕೇಳಿದ್ದೀಯ. ಜೊತೆಗೆ ಅಲ್ಲೇ ಇರುವ ನಿನ್ನ ಅಕ್ಕನ ಮಕ್ಕಳ ಶಾಲೆಯ ವಿಷಯವನ್ನೂ ಕೇಳಿದ್ದೀಯ.

ನಾನು ಅಮೆರಿಕದಲ್ಲಿ ನೆಲೆಸಿ ತುಂಬಾ ವರ್ಷವಾಯಿತು. ಒಂದು ಯೂನಿವರ್ಸಿಟಿಯಲ್ಲಿ ವಿದ್ಯಾರ್ಥಿಗಳ ದಾಖಲೆ ನೋಡಿಕೊಳ್ಳುವ ರಿಜಿಸ್ಟ್ರಾರ್ ಆಫೀಸಿನಲ್ಲೇ ಕೆಲಸ. ಹಾಗಾಗಿ ಇಂಥ ಫೋನು ಎತ್ತಿ "ಹೇಳುವ ಹಾಗಿಲ್ಲ" ಅನ್ನುವವರಲ್ಲಿ ನಾನೂ ಒಬ್ಬಳು. ಈಗ ರಜೆಗೆ ನಾಪೋಕ್ಲಿಗೆ ಬಂದಿದ್ದೇನೆ. ಪುತ್ತರಿ ಮುಗಿದು ಅರೇಬಿಕಾ ಕೊಯ್ಲು ನಡೆಯುತ್ತಿದೆ. ಹೋದ ಶುಕ್ರವಾರ ಮಡಿಕೇರಿ ಸಂತೆಯಲ್ಲಿ ನಿನ್ನ ಅಪ್ಪ ಸಿಕ್ಕಿದ್ದರು. ಅಂಗಿ ಜೇಬಿನಿಂದ ನಾಲ್ಕು ಮಡಿಕೆಯ ಒಂದು ಕಾಗದ ತೆಗೆದು ತೋರಿಸಿದರು. ಒಂದು ಬದಿಯಲ್ಲಿ ಫೀಸು ಕಟ್ಟಿದ ರಸೀದಿ. ಹಿಂದೆ ನೀಲಿ ಪೆನ್ನಿನಲ್ಲಿ ಯೂನಿವರ್ಸಿಟಿಯ ಫೋನ್ ನಂಬರು, ಅದರ ಕೆಳಗೆ ನಮ್ಮ ಗಂಟೆಗೆ ಅಲ್ಲಿ ಎಷ್ಟು ಗಂಟೆ ಎಂಬ ಲೆಕ್ಕ. "ರಸೀದಿ ನನ್ನ ಹೆಸರಿಗೆ ಕೊಡ್ತಾರೆ, ಮಾರ್ಕ್ಸ್ ಯಾಕೆ ಕೊಡಲ್ಲ?" ಎಂದು ಕೇಳಿದರು. ಅವರ ಪ್ರಶ್ನೆಯಲ್ಲಿ ತಪ್ಪಿಲ್ಲ. ಅವರಿಗೆ ಹೇಳಿದ್ದನ್ನೇ ನಿನಗೆ ಇನ್ನೂ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಆ ಕಾನೂನಿನ ಹೆಸರು ಫ್ಯಾಮಿಲಿ ಎಜುಕೇಷನಲ್ ರೈಟ್ಸ್ ಆ್ಯಂಡ್ ಪ್ರೈವಸಿ ಆ್ಯಕ್ಟ್. ಎಲ್ಲರೂ ಫೆರ್ಪಾ ಅನ್ನುತ್ತಾರೆ. ನ್ಯೂಯಾರ್ಕಿನ ಸೆನೆಟರ್ ಜೇಮ್ಸ್ ಬಕ್ಲಿ ಮುಂದಿಟ್ಟದ್ದು. 1974ರ ಆಗಸ್ಟ್‌ನಲ್ಲಿ ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಸಹಿ ಹಾಕಿದರು. ಅದಕ್ಕೂ ಮೊದಲು ಅಲ್ಲಿಯ ಶಾಲೆಗಳಲ್ಲಿ ಮಕ್ಕಳ ಬಗ್ಗೆ ಏನೇನೋ ಬರೆದಿಡುತ್ತಿದ್ದರು. ಆ ಫೈಲು ಹೆತ್ತವರ ಕಣ್ಣಿಗೆ ಬೀಳುತ್ತಿರಲಿಲ್ಲ, ಹೊರಗಿನವರ ಕೈಗೆ ಮಾತ್ರ ಸಿಗುತ್ತಿತ್ತು. ಅಂದರೆ ಈ ಕಾನೂನು ಹುಟ್ಟಿದ್ದೇ ಅಪ್ಪ ಅಮ್ಮನ ಪರವಾಗಿ. ನಿನ್ನ ಅಪ್ಪನಿಗೆ ಇದನ್ನು ಹೇಳಿದಾಗ ಅವರ ಮುಖದ ಬಿಗುಪು ಸ್ವಲ್ಪ ಸಡಿಲವಾಯಿತು.

ಮಗುವಿಗೆ 18 ವರ್ಷ ತುಂಬುವವರೆಗೆ ಈ ಹಕ್ಕೆಲ್ಲ ಹೆತ್ತವರದು. 18 ತುಂಬಿದ ದಿನ, ಅಥವಾ ಅದಕ್ಕೂ ಮೊದಲೇ ಕಾಲೇಜಿಗೆ ಸೇರಿದರೆ ಆಗಲೇ, ಅದು ಇಡಿಯಾಗಿ ವಿದ್ಯಾರ್ಥಿಯ ಕೈಗೆ ಬರುತ್ತದೆ. ಫೀಸು ಯಾರು ಕಟ್ಟಿದರು ಎಂಬುದು ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಫೋನ್ ಎತ್ತಿದವರು ನಿನ್ನ ಅಪ್ಪನನ್ನು ದೂರ ತಳ್ಳಲಿಲ್ಲ. ನಿನ್ನನ್ನು ಕೇಳದೆ ಹೇಳಲು ಅವರಿಗೆ ಅಧಿಕಾರ ಇರಲಿಲ್ಲ, ಅಷ್ಟೇ.

ನಿನ್ನ ರೂಮ್‌ಮೇಟ್‌ನ ಅಪ್ಪನಿಗೆ ಹೇಳಿದರು, ನನ್ನ ಅಪ್ಪನಿಗೆ ಯಾಕಿಲ್ಲ ಎಂದು ಬರೆದಿದ್ದೀಯ. ಅದಕ್ಕೂ ಕಾರಣ ಇರಬಹುದು. ಅಲ್ಲಿಯ ಆದಾಯ ತೆರಿಗೆಯಲ್ಲಿ ಮಗಳನ್ನು ತಮ್ಮ ಅವಲಂಬಿತಳು ಎಂದು ತೋರಿಸುವ ಹೆತ್ತವರಿಗೆ, ಮಗಳ ಒಪ್ಪಿಗೆ ಇಲ್ಲದೆಯೂ ಕಾಲೇಜು ದಾಖಲೆ ತೋರಿಸಬಹುದು. ಗಮನಿಸು, ತೋರಿಸಬಹುದು, ತೋರಿಸಲೇಬೇಕು ಅಂತಿಲ್ಲ. ಅವಳ ಮನೆಯವರು ಅಲ್ಲೇ ನೆಲೆಸಿ ತೆರಿಗೆ ಕಟ್ಟುವವರು. ಮೂರ್ನಾಡಿನಲ್ಲಿ ಕೂತು ಕಾಫಿ ಬೆಳೆಯುವ ನಿನ್ನ ಅಪ್ಪನಿಗೆ ಆ ದಾರಿ ಇಲ್ಲ. ಇದರಲ್ಲಿ ಭಾರತದವರು, ಅಮೆರಿಕದವರು ಎಂಬ ಭೇದ ಹುಡುಕಬೇಡ.

ಇನ್ನು ಸಹಿಯ ವಿಷಯ. ಇಲ್ಲಿ ನನ್ನ ಅಭಿಪ್ರಾಯ ಗಟ್ಟಿಯಾಗಿದೆ. ಪಾಸ್‌ವರ್ಡ್ ಯಾರಿಗೂ ಕೊಡಬೇಡ. ಅಪ್ಪನಿಗೂ ಬೇಡ, ವೀಸಾ ಮಾಡಿಸಿಕೊಟ್ಟ ಏಜೆಂಟಿಗಂತೂ ಬೇಡವೇ ಬೇಡ. ಆ ಒಂದೇ ಲಾಗಿನ್‌ನಿಂದ ಮಾರ್ಕ್ಸ್ ನೋಡುವುದು ಮಾತ್ರವಲ್ಲ, ಕೋರ್ಸ್ ಬಿಡಬಹುದು, ವಿಳಾಸ ಬದಲಿಸಬಹುದು, ನಿನ್ನ ಇಮೇಲ್ ಓದಬಹುದು. ಎಷ್ಟೋ ಯೂನಿವರ್ಸಿಟಿಗಳಲ್ಲಿ ಹೆತ್ತವರಿಗೆಂದೇ ಬೇರೆ ಲಾಗಿನ್ ಕೊಡುವ ವ್ಯವಸ್ಥೆ ಇದೆ. ಅದರಲ್ಲಿ ಏನು ಕಾಣಬೇಕು, ಏನು ಬೇಡ ಎಂದು ನೀನೇ ಗುರುತು ಹಾಕಬಹುದು. ಬೇಡವೆನಿಸಿದ ದಿನ ತೆಗೆಯಲೂಬಹುದು.

ಆ ವ್ಯವಸ್ಥೆ ಇಲ್ಲದಿದ್ದರೆ ಒಪ್ಪಿಗೆ ಫಾರಂ ಇದ್ದೇ ಇರುತ್ತದೆ. ಅದರಲ್ಲಿ ಮೂರು ಸಂಗತಿ ಇರಲೇಬೇಕು: ಯಾವ ದಾಖಲೆ, ಯಾಕಾಗಿ, ಯಾರಿಗೆ. ಕೆಳಗೆ ನಿನ್ನ ಸಹಿ, ತಾರೀಕು. ಖಾಲಿ ಬಿಟ್ಟು ಸಹಿ ಹಾಕಬೇಡ. "ಎಲ್ಲಾ ದಾಖಲೆಗಳು" ಎಂಬ ಚೌಕಕ್ಕೆ ಸುಮ್ನೆ ಟಿಕ್ ಹಾಕಬೇಡ. ಫೀಸಿನ ಲೆಕ್ಕ ಅಪ್ಪನಿಗೆ ಕಾಣಲಿ, ಅದು ಅವರ ದುಡ್ಡು. ಸೆಮಿಸ್ಟರಿನ ಗ್ರೇಡು ಕಾಣಲಿ ಎಂದು ನಿನಗೆ ಅನ್ನಿಸಿದರೆ ಅದನ್ನೂ ಸೇರಿಸು. ಶಿಸ್ತಿನ ದಾಖಲೆ, ಪ್ರೊಫೆಸರ್ ಜೊತೆ ನಡೆದ ಪತ್ರ ವ್ಯವಹಾರ ಇವೆಲ್ಲ ಬೇಕಾಗಿಲ್ಲ.

ಆದರೆ ಕಾನೂನು ನಿನ್ನ ಕಡೆ ಇದೆ ಎಂದು ಅಪ್ಪನನ್ನು ಕತ್ತಲೆಯಲ್ಲಿ ಇಡಬೇಡ. ತೋಟ ಒತ್ತೆ ಇಟ್ಟ ಮನುಷ್ಯನಿಗೆ ಮಗಳು ಹೇಗೆ ಓದುತ್ತಿದ್ದಾಳೆ ಎಂದು ತಿಳಿಯಬೇಕು. ಅದು ನಿನ್ನ ಬಾಯಿಂದಲೇ ತಿಳಿಯಲಿ. ಭಾನುವಾರ ಫೋನ್ ಮಾಡಿದಾಗ ಗ್ರೇಡ್ ಹೇಳು. ಅಲ್ಲಿಯ ಎ, ಬಿ ಅವರಿಗೆ ಅರ್ಥವಾಗುವುದಿಲ್ಲ. ಮಾಸ್ಟರ್ಸ್‌ನಲ್ಲಿ ಬಿ ಬಂದರೆ ಫೇಲ್ ಅಲ್ಲ ಎಂದು ಬಿಡಿಸಿ ಹೇಳು. ಅರ್ಧ ಗೊಂದಲ ಅಲ್ಲೇ ಕಳೆಯುತ್ತದೆ. ಬ್ಯಾಂಕಿನವರು ಮಾರ್ಕ್ಸ್ ಕಾರ್ಡ್ ಕೇಳಿದರೂ ಅಷ್ಟೇ. ಟ್ರಾನ್ಸ್‌ಕ್ರಿಪ್ಟ್, ಅಂದರೆ ಯೂನಿವರ್ಸಿಟಿಯ ಅಧಿಕೃತ ಅಂಕಪಟ್ಟಿ, ತರಿಸಿ ನೀನೇ ಕಳಿಸು.

ನಮ್ಮ ಕಡೆ ಇದೆಲ್ಲ ವಿಚಿತ್ರ ಅನ್ನಿಸುವುದು ಸಹಜ. ನಾನು ಓದಿದ ಕಾಲೇಜಿನಲ್ಲಿ ಇಂಟರ್ನಲ್ ಮಾರ್ಕ್ಸನ್ನು ಹೆಸರಿನ ಸಮೇತ ನೋಟಿಸ್ ಬೋರ್ಡಿಗೆ ಅಂಟಿಸುತ್ತಿದ್ದರು. ಜುಲೈ ತಿಂಗಳ ಮಳೆ, ಒದ್ದೆ ಕೊಡೆಗಳ ನೂಕುನುಗ್ಗಲು, ಗಾಜಿನ ಹಿಂದೆ ಟೈಪ್ ಮಾಡಿದ ಪಟ್ಟಿ. ಕಡಿಮೆ ಬಂದವರ ಹೆಸರಿಗೆ ಕೆಂಪು ಗೆರೆ. ನನ್ನ ತರಗತಿಯ ಒಬ್ಬ ಹುಡುಗಿಯ ಹೆಸರಿನ ಕೆಳಗೆ ಆ ಗೆರೆ ಇತ್ತು. ಅವಳು ಸಂಜೆ ಮನೆ ಮುಟ್ಟುವ ಮೊದಲೇ ಬಸ್ಸಿನಲ್ಲಿ ಎಲ್ಲರಿಗೂ ಗೊತ್ತಾಗಿತ್ತು. ಮುಂದಿನ ವರ್ಷ ಅವಳು ಕಾಲೇಜಿಗೆ ಬರಲಿಲ್ಲ. ಯಾಕೆಂದು ಯಾರೂ ಕೇಳಲಿಲ್ಲ. ನನಗೆ ಇವತ್ತಿಗೂ ಅದು ಸರಿ ಅನ್ನಿಸುವುದಿಲ್ಲ. ಫೆರ್ಪಾ ಇರುವ ಕಡೆ ಹಾಗೆ ಪಟ್ಟಿ ಅಂಟಿಸುವಂತಿಲ್ಲ. ಹೆಸರು ತೆಗೆದು ವಿದ್ಯಾರ್ಥಿ ನಂಬರ್ ಹಾಕಿದರೂ ತಪ್ಪೇ.

ನಮ್ಮಲ್ಲೂ ಹಕ್ಕುಗಳು ಇಲ್ಲವೇ ಇಲ್ಲ ಅಂತಲ್ಲ. ಬರೆದ ಉತ್ತರ ಪತ್ರಿಕೆಯನ್ನು ನೋಡುವ ಹಕ್ಕು ಪರೀಕ್ಷೆ ಬರೆದವರಿಗೆ ಇದೆ ಎಂದು ಸುಪ್ರೀಂ ಕೋರ್ಟ್ 2011ರಲ್ಲಿ ಮಾಹಿತಿ ಹಕ್ಕಿನ ಅಡಿಯಲ್ಲೇ ಹೇಳಿತು. 2023ರಲ್ಲಿ ಡಿಜಿಟಲ್ ವೈಯಕ್ತಿಕ ಡೇಟಾ ರಕ್ಷಣೆಗೂ ಒಂದು ಕಾನೂನು ಬಂದಿದೆ. ಆದರೆ ವಿದ್ಯಾರ್ಥಿಯ ಫೈಲಿಗೆಂದೇ ಒಂದು ಕಾನೂನು, ಅದನ್ನು ಪ್ರತಿ ವರ್ಷ ವಿದ್ಯಾರ್ಥಿಗಳಿಗೆ ತಿಳಿಸಬೇಕೆಂಬ ಕಟ್ಟಳೆ, ಅದು ಅಲ್ಲಿದೆ.

ಈಗ ಹೊಸಬರು ಹೆಚ್ಚಾಗಿ ಬಿಟ್ಟುಬಿಡುವ ಇನ್ನೊಂದು ಅರ್ಧಕ್ಕೆ ಬರುತ್ತೇನೆ. ಗುಟ್ಟು ಕಾಯುವುದು ಈ ಕಾನೂನಿನ ಒಂದು ಭಾಗ ಮಾತ್ರ. ನಿನ್ನ ಫೈಲನ್ನು ನೀನು ನೋಡಬಹುದು, ಅದು ಇನ್ನೊಂದು ಭಾಗ. ರಿಜಿಸ್ಟ್ರಾರ್‌ಗೆ ಬರೆದು ಕೇಳಿದರೆ 45 ದಿನದ ಒಳಗೆ ತೋರಿಸಲೇಬೇಕು. ಹುಡುಕಿ ತೆಗೆದದ್ದಕ್ಕೆ ದುಡ್ಡು ಕೇಳುವಂತಿಲ್ಲ, ನಕಲಿಗೆ ಬೇಕಾದರೆ ಕೇಳಬಹುದು. ತಪ್ಪು ಕಂಡರೆ ತಿದ್ದಿ ಎಂದು ಬರೆದು ಕೊಡಬಹುದು. ಒಪ್ಪದಿದ್ದರೆ ವಿಚಾರಣೆ ಕೇಳಬಹುದು. ಅಲ್ಲೂ ಸೋತರೆ ನಿನ್ನ ಹೇಳಿಕೆಯನ್ನು ಫೈಲಿನಲ್ಲಿ ಸೇರಿಸಲೇಬೇಕು. ಆ ದಾಖಲೆ ಯಾರಿಗೆ ಹೋದರೂ ಅದರ ಜೊತೆ ನಿನ್ನ ಮಾತೂ ಹೋಗಬೇಕು.

ನಮ್ಮ ಕಡೆಯವರಿಗೆ ಇದು ಜಾಸ್ತಿ ಬೇಕಾಗುವುದು ಹೆಸರಿನ ವಿಷಯದಲ್ಲಿ. ಮನೆತನದ ಹೆಸರು ಮುಂದೆ, ಸ್ವಂತ ಹೆಸರು ಹಿಂದೆ, ನಡುವೆ ಅಪ್ಪನ ಹೆಸರಿನ ಇನಿಶಿಯಲ್. ಎಸ್‌ಎಸ್‌ಎಲ್‌ಸಿ ಕಾರ್ಡಿನಲ್ಲಿ ಒಂದು ಥರ, ಪಾಸ್‌ಪೋರ್ಟಿನಲ್ಲಿ ಇನ್ನೊಂದು ಥರ. ಅಡ್ಮಿಷನ್ ಆಫೀಸಿನವರು ಅದನ್ನು ಮೂರನೇ ಥರ ಟೈಪ್ ಮಾಡಿರುತ್ತಾರೆ. ಡಿಗ್ರಿ ಬರುವ ಹೊತ್ತಿಗೆ ಗೊತ್ತಾದರೆ ಓಡಾಟ ತಪ್ಪಿದ್ದಲ್ಲ. ಈಗಲೇ ನಿನ್ನ ದಾಖಲೆ ತೆಗೆಸಿ, ಪಾಸ್‌ಪೋರ್ಟ್ ಪಕ್ಕದಲ್ಲಿಟ್ಟು ಒಂದೊಂದೇ ಅಕ್ಷರ ನೋಡು. ಹುಟ್ಟಿದ ತಾರೀಕನ್ನೂ ನೋಡು. ಅಲ್ಲಿ ತಿಂಗಳು ಮೊದಲು, ದಿನ ಆಮೇಲೆ ಬರೆಯುತ್ತಾರೆ.

ಒಂದು ಮಿತಿ ಇದೆ. ಪ್ರೊಫೆಸರ್ ಕೊಟ್ಟ ಗ್ರೇಡ್ ಕಡಿಮೆಯಾಯಿತು ಎಂಬ ತಕರಾರಿಗೆ ಫೆರ್ಪಾ ದಾರಿಯಲ್ಲ. ಪ್ರೊಫೆಸರ್ ಕೊಟ್ಟದ್ದು ಎ, ದಾಖಲೆಗೆ ಏರಿದ್ದು ಬಿ ಆಗಿದ್ದರೆ ತಿದ್ದಿಸಬಹುದು. ಗ್ರೇಡೇ ಅನ್ಯಾಯ ಅನ್ನಿಸಿದರೆ ಅದಕ್ಕೆ ಡಿಪಾರ್ಟ್‌ಮೆಂಟಿನಲ್ಲಿ ಬೇರೆ ಅಪೀಲು ಇರುತ್ತದೆ. ಅರ್ಜಿ ಹಾಕುವಾಗ ಶಿಫಾರಸು ಪತ್ರಗಳನ್ನು ನೋಡುವ ಹಕ್ಕು ಬಿಟ್ಟುಕೊಡುತ್ತೇನೆ ಎಂದು ಟಿಕ್ ಹಾಕಿದ್ದರೆ, ನಿನ್ನ ಮೇಷ್ಟ್ರು ಏನು ಬರೆದರು ಎಂದು ಈಗ ನೋಡಲು ಆಗುವುದಿಲ್ಲ. ಅದಕ್ಕೆ ಬೇಸರ ಬೇಡ.

ವಿದ್ಯಾರ್ಥಿ ವೀಸಾದವರು ನೆನಪಿಡಬೇಕಾದದ್ದು ಒಂದಿದೆ. ನಿನ್ನದು ಎಫ್-1. ನೀನು ಓದುತ್ತಿದ್ದೀಯಾ, ಪೂರ್ತಿ ಕೋರ್ಸ್ ತೆಗೆದುಕೊಂಡಿದ್ದೀಯಾ, ವಿಳಾಸ ಯಾವುದು ಎಂಬುದನ್ನೆಲ್ಲ ಯೂನಿವರ್ಸಿಟಿ ಸೆವಿಸ್ ಎಂಬ ಸರ್ಕಾರಿ ವ್ಯವಸ್ಥೆಗೆ ತಿಳಿಸಲೇಬೇಕು. ಅದಕ್ಕೆ ಫೆರ್ಪಾ ಅಡ್ಡ ಬರುವುದಿಲ್ಲ. ನನ್ನ ದಾಖಲೆ ಗುಟ್ಟು ಎಂದುಕೊಂಡು ಇಂಟರ್‌ನ್ಯಾಷನಲ್ ಆಫೀಸಿಗೆ ಹೇಳದೆ ಕೋರ್ಸ್ ಬಿಟ್ಟು ಕಷ್ಟಕ್ಕೆ ಸಿಕ್ಕಿದ ಮಕ್ಕಳನ್ನು ಕಂಡಿದ್ದೇನೆ. ಮೊದಲು ಅವರನ್ನು ಕೇಳು, ಆಮೇಲೆ ಕೋರ್ಸ್ ಬಿಡು.

ಡೈರೆಕ್ಟರಿ ಮಾಹಿತಿ ಎಂಬುದೊಂದು ಇದೆ. ಹೆಸರು, ವಿಳಾಸ, ಫೋನು, ಇಮೇಲ್, ಯಾವ ಕೋರ್ಸ್, ಯಾವಾಗ ಸೇರಿದೆ, ಇಂಥವನ್ನು ಯೂನಿವರ್ಸಿಟಿ ಡೈರೆಕ್ಟರಿ ಎಂದು ಗುರುತಿಸಿದ್ದರೆ ನಿನ್ನನ್ನು ಕೇಳದೆಯೂ ಹೊರಗೆ ಕೊಡಬಹುದು. ಬೇಡ ಎಂದು ನೀನು ಬರೆದು ಕೊಟ್ಟರೆ ನಿಲ್ಲಿಸಬೇಕು. ಇದರಲ್ಲಿ ಅವಸರ ಮಾಡಬೇಡ. ಎಲ್ಲವನ್ನೂ ಮುಚ್ಚಿಸಿದರೆ ಮುಂದೆ ಕೆಲಸ ಕೊಡುವ ಕಂಪನಿ ವಿಚಾರಿಸಿದಾಗ, ಇಂಥವರು ನಮ್ಮಲ್ಲಿ ಓದಿದ್ದಾರೆ ಎಂದು ಹೇಳಲೂ ಆಫೀಸಿನವರಿಗೆ ಆಗುವುದಿಲ್ಲ. ವಿಳಾಸ ಮತ್ತು ಫೋನ್ ಮಾತ್ರ ಮುಚ್ಚಲು ಬಿಡುವುದಾದರೆ ಹಾಗೆ ಮಾಡು. ಇಮಿಗ್ರೇಷನ್‌ನವರು ಎಂದು ಹೆದರಿಸಿ ದುಡ್ಡು ಕೀಳುವ ಫೋನುಗಳು ಹೊರದೇಶದ ವಿದ್ಯಾರ್ಥಿಗಳಿಗೆ ಬರುತ್ತಲೇ ಇರುತ್ತವೆ.

ಈ ಕಾನೂನು ಕಟ್ಟಿಹಾಕುವುದು ವಿದ್ಯಾಸಂಸ್ಥೆಯನ್ನು. ಗೆಳತಿಯರನ್ನಲ್ಲ. ನಮ್ಮೂರಿನವರ ವಾಟ್ಸ್‌ಆ್ಯಪ್ ಗುಂಪಿಗೆ ನೀನೇ ಗ್ರೇಡಿನ ಸ್ಕ್ರೀನ್‌ಶಾಟ್ ಹಾಕಿದರೆ ಅದು ಸಂಜೆಯೊಳಗೆ ವಿರಾಜಪೇಟೆ ಮುಟ್ಟುತ್ತದೆ, ಯಾವ ಫೆರ್ಪಾವೂ ತಡೆಯುವುದಿಲ್ಲ. ಇನ್ನೊಂದು, ಯೂನಿವರ್ಸಿಟಿಯೇ ತಪ್ಪು ಮಾಡಿದರೂ ಈ ಕಾನೂನಿನಡಿ ನೀನು ನೇರ ಕೋರ್ಟಿಗೆ ಹೋಗಲಾಗದು. ಅಲ್ಲಿಯ ಸುಪ್ರೀಂ ಕೋರ್ಟ್ 2002ರಲ್ಲಿ ಗೊನ್ಜಾಗಾ ಯೂನಿವರ್ಸಿಟಿಯ ಕೇಸಿನಲ್ಲಿ ಹಾಗೆ ತೀರ್ಪು ಕೊಟ್ಟಿದೆ. ಶಿಕ್ಷಣ ಇಲಾಖೆಗೆ ದೂರು ಕೊಡಬಹುದು, 180 ದಿನದ ಒಳಗೆ. ಕಾನೂನಿನ ದೊಡ್ಡ ಕೊರತೆ ಇದೇ ಎಂದು ನನಗೆ ಅನ್ನಿಸುತ್ತದೆ.

ಅಕ್ಕನ ಮಕ್ಕಳ ವಿಷಯ ಚಿಕ್ಕದು. ಸರ್ಕಾರಿ ಶಾಲೆಯಾದರೆ ಅಕ್ಕ, ಭಾವ ಇಬ್ಬರಿಗೂ ಸಮಾನ ಹಕ್ಕು. ಮಗುವಿನ ಫೈಲು ಕೇಳಿ ನೋಡಬಹುದು. ಮಗುವಿಗೆ ವಿಶೇಷ ಸಹಾಯ ಬೇಕು ಎಂದು ಟೀಚರ್ ಹೇಳಿದ್ದರಂತೆ, ಆ ಪರೀಕ್ಷೆಯ ವರದಿಯನ್ನೂ ಕೇಳಲಿ. ಖಾಸಗಿ ಶಾಲೆ ಫೆಡರಲ್, ಅಂದರೆ ಅಲ್ಲಿಯ ಕೇಂದ್ರ ಸರ್ಕಾರದ, ಶಿಕ್ಷಣ ಇಲಾಖೆಯ ಹಣ ಪಡೆಯದಿದ್ದರೆ ಫೆರ್ಪಾ ಅನ್ವಯಿಸುವುದಿಲ್ಲ, ಶಾಲೆಯ ನಿಯಮವನ್ನೇ ಓದಬೇಕು. ಇಲ್ಲಿಂದ ಅಜ್ಜ ಹೋಗಿ ಮೊಮ್ಮಗ ಹೇಗೆ ಓದುತ್ತಾನೆ ಎಂದು ಕೇಳಿದರೆ ಟೀಚರ್ ನಕ್ಕು ಸುಮ್ಮನಾಗಬಹುದು. ಅಕ್ಕ ಬರೆದು ಕೊಟ್ಟರೆ ಮಾತಾಡುತ್ತಾರೆ.

ಸಂತೆಯಲ್ಲಿ ನಿನ್ನ ಅಪ್ಪ ಹೋಗುವ ಮುಂಚೆ ಇನ್ನೊಂದು ಮಾತು ಕೇಳಿದರು. "ಅವಳಿಗೆ ಹುಷಾರಿಲ್ಲದಿದ್ದರೂ ಹೀಗೇ ಹೇಳಲ್ವಾ?" ಅಂತ. ಮಾರ್ಕ್ಸಿಗಿಂತ ಇದೇ ಅವರ ಭಯ ಅಂತ ನನಗೆ ಆಗ ಗೊತ್ತಾಯಿತು. ಜೀವಕ್ಕೆ, ಆರೋಗ್ಯಕ್ಕೆ ಅಪಾಯ ಬಂದಾಗ ಒಪ್ಪಿಗೆಗೆ ಕಾಯದೆ ಹೆತ್ತವರಿಗೆ ತಿಳಿಸಲು ಕಾನೂನಿನಲ್ಲೇ ಅವಕಾಶವಿದೆ ಎಂದು ಅವರಿಗೆ ಹೇಳಿದೆ. ಆದರೆ ತಿಳಿಸಬೇಕಾದರೆ ನಂಬರ್ ಬೇಕಲ್ಲ. ನಿನ್ನ ಪೋರ್ಟಲಿನಲ್ಲಿ ತುರ್ತು ಸಂಪರ್ಕ ಎಂಬ ಜಾಗ ಇರುತ್ತದೆ. ಒಪ್ಪಿಗೆ ಫಾರಂಗೂ ಅದಕ್ಕೂ ಸಂಬಂಧವಿಲ್ಲ. ಅಪ್ಪನ ಮೊಬೈಲ್ ನಂಬರನ್ನು ಭಾರತದ ಕೋಡ್ ಸೇರಿಸಿ ಹಾಕು. ತೋಟದಲ್ಲಿ ಸಿಗ್ನಲ್ ಸಿಗದ ದಿನಗಳು ಇರುತ್ತವೆ, ಅದಕ್ಕೆ ಅಕ್ಕನ ನಂಬರನ್ನೂ ಹಾಕು. ಅವಳು ಆ ದೇಶದಲ್ಲೇ ಇರುವುದರಿಂದ ಬೇಗ ಸಿಗುತ್ತಾಳೆ. ಇದನ್ನು ಇವತ್ತೇ ಮಾಡಿ ಅಪ್ಪನಿಗೆ ಫೋನ್ ಮಾಡು. ಒಪ್ಪಿಗೆ ಫಾರಂ ತುಂಬಿದ ಮೇಲೆ, ಸಹಿ ಹಾಕುವ ಮೊದಲು ನನಗೊಮ್ಮೆ ಕಳಿಸು, ನೋಡಿ ಹೇಳುತ್ತೇನೆ.

ಇಂತಿ,
ನಾಪೋಕ್ಲಿನ ಅಕ್ಕ